ಆಟದ ಹೊತ್ತಿನ ಹೊಟ್ಟೆನೋವು

ಹೊಳೆಯ ದಡದ ಆಶ್ರಮದಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹಿರಿಯ ಶಿಷ್ಯ ಅಡವೇಶನದು. ಒಂದು ಸಂಜೆ ಅವನು ಗುರು ನಿರ್ವಾಣಯ್ಯನವರ ಬಳಿ ಬಂದ.

“ಗುರುಗಳೇ, ಚನ್ನಮಲ್ಲ ಸುಳ್ಳು ಕಲಿತಿದ್ದಾನೆ. ದಿನವೂ ಹೊಟ್ಟೆನೋವು ಅನ್ನುತ್ತಾನೆ. ನಾನೇ ಕೈಹಿಡಿದು ಹೊರಗೆ ಎಳೆದು ತರಬೇಕು.”

“ನೋವು ಯಾವ ಹೊತ್ತಿಗೆ ಬರುತ್ತದೆ?”

“ಪಾಠ ಮುಗಿದು ಆಟಕ್ಕೆ ಬಿಟ್ಟಾಗ.”

“ಪಾಠ ತಪ್ಪಿಸಲು ಹೊಟ್ಟೆನೋವು ಬರುವ ಮಕ್ಕಳನ್ನು ಕಂಡಿದ್ದೇನೆ. ಆಟ ತಪ್ಪಿಸಲು?”

ಇಬ್ಬರೂ ದಡಕ್ಕೆ ನಡೆದರು.

ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಕಣ್ಣು ಕಟ್ಟಿಸಿಕೊಂಡವನು ಯಾರನ್ನಾದರೂ ಮುಟ್ಟಿದರೆ, ಮುಂದಿನ ಸರದಿ ಮುಟ್ಟಿಸಿಕೊಂಡವನದು. ಆಟದ ನಿಯಮವೇ ಅದು. ಬಟ್ಟೆ ಚನ್ನಮಲ್ಲನ ಕಣ್ಣಿಗಿತ್ತು.

ಅವನ ಕೈ ದೊಡ್ಡ ಹುಡುಗನೊಬ್ಬನ ತೋಳಿಗೆ ತಾಗಿತು.

“ನನ್ನನ್ನಲ್ಲ ಕಣೋ, ಗಾಳೀನ ಮುಟ್ಟಿದೀಯ. ಈ ಕಡೆ ಬಾರೋ, ಕುರುಡಪ್ಪ,” ಎಂದ ಆ ಹುಡುಗ. ಅವನು ಕರೆದದ್ದು ನೀರಿನ ಕಡೆಗೆ.

ಎಲ್ಲರೂ ನಕ್ಕರು. ಚನ್ನಮಲ್ಲನೂ ನಕ್ಕ. ಖುಷಿಯಿಂದಲ್ಲ; ನಗದಿದ್ದರೆ ಇನ್ನಷ್ಟು ಕಾಡುತ್ತಾರೆಂಬ ಭಯದಿಂದ.

“ಬರೀ ಆಟ, ಗುರುಗಳೇ. ಅವನೂ ನಗುತ್ತಿದ್ದಾನೆ,” ಎಂದ ಅಡವೇಶ.

“ನಿನ್ನೆ ಬಟ್ಟೆ ಯಾರ ಕಣ್ಣಿಗಿತ್ತು?”

“ಅವನಿಗೇ.”

“ಮೊನ್ನೆ?”

“ಮೊನ್ನೆಯೂ ಅವನಿಗೇ,” ಎಂದ ಅಡವೇಶ.

ಗುರುಗಳು ಚನ್ನಮಲ್ಲನ ಕಣ್ಣಿನ ಬಟ್ಟೆ ಬಿಚ್ಚಿ ಅಡವೇಶನ ಕಣ್ಣಿಗೆ ಬಿಗಿದರು. ಯಾರೂ ಮಾತಾಡಬಾರದೆಂದು ಮಕ್ಕಳಿಗೆ ಸನ್ನೆ ಮಾಡಿ, ಅವನನ್ನು ಗರಗರ ತಿರುಗಿಸಿ ಬಿಟ್ಟರು.

ಕತ್ತಲೆ. ಹೊಳೆಯ ಸದ್ದು ನಾಲ್ಕೂ ದಿಕ್ಕಿನಿಂದ ಬಂದಂತಾಯಿತು. ಹೆಜ್ಜೆ ಇಟ್ಟ. ಕಾಲಡಿಯ ಕೆಸರು ಜಾರಿತು.

“ಗುರುಗಳೇ?”

ಉತ್ತರವಿಲ್ಲ.

“ಎಲ್ಲಿದ್ದೀರಿ? ಯಾರಾದರೂ ಮಾತಾಡಿ.”

ಸುತ್ತಲೂ ಜನ ನಿಂತಿದ್ದಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಭಯ ಹೆಚ್ಚಾಯಿತು. ಯಾರೂ ಇಲ್ಲದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಪುಟ್ಟ ಕೈಯೊಂದು ಅವನ ಬೆರಳು ಹಿಡಿಯಿತು.

“ಅಣ್ಣಾ, ಮುಂದೆ ಮಡು ಇದೆ. ತುಂಬಾ ಆಳ. ಹಿಂದೆ ಬನ್ನಿ,” ಎಂದ ಚನ್ನಮಲ್ಲ.

ಅಡವೇಶ ಬಟ್ಟೆ ಕಿತ್ತೆಸೆದ. ಗುರುಗಳು ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದರು.

“ಎಲ್ಲವನ್ನೂ ನೋಡುತ್ತಿದ್ದಿರಿ,” ಎಂದ ಅಡವೇಶ. “ಒಂದು ಮಾತು ಆಡಬಾರದಿತ್ತೇ?”

ಗುರುಗಳು ಹೇಳಿದರು: “ದಿನಾ ಸಂಜೆ ನೀನೂ ಇಲ್ಲೇ ನಿಂತಿರುತ್ತಿದ್ದೆಯಲ್ಲಪ್ಪಾ.”