ಹದಿನೇಳನೇ ನಂಬರು ರಸ್ತೆಯ ಕೆಂಗಪ್ಪ

ಕೂತ್ಕೊಳ್ಳಿ ಮಕ್ಕಳಾ, ಕೂತ್ಕೊಳ್ಳಿ. ನಮ್ಮ ಸೀಮೆಯ ರಸ್ತೆಗಳು ನಿಮ್ಮ ಈ ಮಾವನನ್ನ ಕೇಳದೆ ಎಡಕ್ಕೂ ತಿರುಗ್ತಿರಲಿಲ್ಲ, ಬಲಕ್ಕೂ ತಿರುಗ್ತಿರಲಿಲ್ಲ, ಅಂಥ ಕಾಲದ ಕತೆ ಇದು. ಸುಳ್ಳು ಅನ್ನೋರು ಎದ್ದು ಹೋಗಬಹುದು. ಯಾರೂ ಏಳ್ಲಿಲ್ಲ. ಅಲ್ಲಿಗೆ ನಿಜ ಅಂತಾಯ್ತು!

ಕೆಮ್ಮಣ್ಣುಗಟ್ಟೆ ಅಂತ ಒಂದೂರು. ಅಲ್ಲಿ ಓಬಕ್ಕ, ಅವಳಿಗೊಬ್ಬ ಮಗ ಕೆಂಗಪ್ಪ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ಹೊರಟಿರಲಿಲ್ಲ. "ನಿನ್ನ ಕಟ್ಕೊಂಡು ಏನು ಮಾಡ್ಲಪ್ಪಾ!" ಅಂತ ಓಬಕ್ಕ ಹಣೆ ಚಚ್ಕೊಳ್ಳೋಳು. "ಹೇಳಿದ್ದು ಮಾಡ್ತೀನಲ್ಲವ್ವಾ!" ಅನ್ನೋನು ಅವನು. ಅದೇ ಕಷ್ಟ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

ಓಬಕ್ಕನ ಗಂಡ ಮಲ್ಲೂರಯ್ಯ ರೋಡ್ ರೋಲರ್ ಡ್ರೈವರು. ಹನ್ನೊಂದು ವರ್ಷದ ಹಿಂದೆ ದೂರದ ಸೀಮೆಗೆ ಹೋದ. ಒಂದು ರಸ್ತೆ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಬರಲೇ ಇಲ್ಲ. ಅಕ್ಷರ ಬಾರದು, ಅಂಕಿ ಮಾತ್ರ ಗೊತ್ತು. ಹೋಗುವಾಗ ಹೇಳಿದ್ದ: "ನಮ್ಮೂರ ತಿರುವಿನ ಕಲ್ಲಲ್ಲಿ ಹದಿನೇಳು ಅಂತ ಇದೆ. ಹದಿನೇಳು ಕಂಡಲ್ಲಿ ತಿರುಗ್ತೀನಿ, ಅಲ್ಲಿ ನೀನಿರ್ತೀಯ." ಅವತ್ತಿನಿಂದ ಓಬಕ್ಕ ಸಂಜೆ ಸಂಜೆ ಹೋಗಿ ಆ ಕಲ್ಲಿನ ಧೂಳನ್ನ ಸೆರಗಲ್ಲಿ ಒರೆಸೋಳು. ಉದ್ದಕ್ಕೂ ರಸ್ತೆ ನೋಡೋಳು. ಬರೋಳು.

ಕಡೆಗೂ ಯಾರ ಕೈಲೋ ಬರೆಸಿದ ಕಾಗದ ಬಂತು. "ಕೆಲಸ ಬಿಟ್ಟೆ. ಹಳೇ ರೋಲರು ನನಗೇ ಕೊಟ್ಟರು. ಅದರಲ್ಲೇ ಹೊರಟಿದ್ದೀನಿ." ಆ ರೋಲರಿನ ವೇಗ ಹೇಳಬೇಕಾ? ಹಿಂದಿನಿಂದ ಬಂದ ಆಮೆ ಸೈಡ್ ಕೇಳ್ತಿತ್ತು!

ಅದೇ ಹೊತ್ತಿಗೆ ರಸ್ತೆ ಆಫೀಸಿನಲ್ಲಿ ಹೊಸ ಆರ್ಡರು. ಕೆಮ್ಮಣ್ಣುಗಟ್ಟೆಯ ಆ ರಸ್ತೆ ಮೊದಲು ಬರೀ ಕುರಿದಾರಿ. ಬಿಳೀ ದೊರೆ ಬಂದು ಆರನೇ ನಂಬರು ಅಂದ. ದೊರೆ ಹೋದ, ಹದಿನೇಳಾಯ್ತು. ಈಗ ನಲವತ್ತಮೂರಂತೆ! ದೊಡ್ಡ ರಸ್ತೆಗಳ ತಂಟೆಗೆ ಯಾರೂ ಹೋಗಲ್ಲ, ಸಣ್ಣ ರಸ್ತೆಗಳಿಗೇ ಈ ಗೋಳು. ಆಫೀಸಿನ ಮೇಸ್ತ್ರಿ ಮುಕ್ರಂ ಸಾಬರು ಕೂಲಿಗೆ ಬಂದ ಕೆಂಗಪ್ಪನ ಕೈಗೆ ಬಣ್ಣದ ಡಬ್ಬ ಕೊಟ್ಟರು.

"ಹದಿನೇಳು ಕಂಡಲ್ಲೆಲ್ಲ ಅಳಿಸಿ ನಲವತ್ತಮೂರು ಬರಿ!"

"ಆಗ್ಲಿ ಸಾಬರೇ!"

ಊರೊಳಗಿಂದಲೇ ಶುರು ಮಾಡಿದ. ಒಬ್ಬರ ಬಾಗಿಲ ಮೇಲೆ ಹದಿನೇಳು, ಬರೆದ. ಕಬಡ್ಡಿ ಆಡೋನ ಬನಿಯನ್ ಮೇಲೆ ಹದಿನೇಳು, ಬರೆದ. ಅಂಗಡಿ ಕ್ಯಾಲೆಂಡರಲ್ಲಿ ಹದಿನಾರಾದ ಮೇಲೆ ನಲವತ್ತಮೂರನೇ ತಾರೀಕು!

"ಅರೆ ಬೆಪ್ಪೇ! ಕಲ್ಲಿನ ಮೇಲೆ ಬರಿಯೋ, ಕಲ್ಲಿನ ಮೇಲೆ!"

"ಆಗ್ಲಿ ಸಾಬರೇ!"

ಮಾರನೇ ದಿನ ಕಲ್ಲು ಹುಡುಕಿದ. ರುಬ್ಬೋ ಕಲ್ಲು, ಬರೆದ. ಬೀಸೋ ಕಲ್ಲು, ಬರೆದ. ಕೆರೆಯ ಬಟ್ಟೆ ಒಗೆಯೋ ಕಲ್ಲು, ಅದಕ್ಕೂ ಬರೆದ. ಪಟೇಲರ ಪಂಚೆ ಹಿಂಬದಿಯಲ್ಲಿ ನಲವತ್ತಮೂರು ಹೊತ್ಕೊಂಡು ಮದುವೆ ಮನೆಗೆ ಹೋಯ್ತು!

"ಯಾ ಅಲ್ಲಾ! ರಸ್ತೆ ಪಕ್ಕ ಅಲ್ಲಾಡದೆ ನಿಂತಿರುತ್ತಲ್ಲ, ಅದರ ಮೇಲೆ ಬರಿಯೋ!"

"ಆಗ್ಲಿ ಸಾಬರೇ!"

ರಸ್ತೆ ಪಕ್ಕ ಅಲ್ಲಾಡದೆ ನಿಂತಿದ್ದೋನು ಗಾದ್ರಪ್ಪ. ಬಸ್ಸಿಗೆ ಕಾಯ್ತಾ ಹಾಗೇ ನಿದ್ದೆ ಹೋಗಿದ್ದ. ಬೆನ್ನು ತಣ್ಣಗಾದಾಗಲೇ ಎಚ್ಚರ!

"ಲೇ ಕೆಂಗಾ! ಬರೆಯೋ ಮುಂಚೆ ಒಂದು ಮಾತು ಕೇಳಬಾರ್ದೇನ್ಲಾ!"

"ಆಗ್ಲಿ ಗಾದ್ರಣ್ಣಾ!"

ಸರಿ, ಅಂತೂ ಇಂತೂ ತಿರುವಿನ ಕಲ್ಲಿಗೆ ಬಂದ. ಅಲ್ಲಿ ಅವ್ವ ಕೂತಿದ್ದಾಳೆ.

"ಅವ್ವಾ, ಇದರಲ್ಲಿ ಹದಿನೇಳು ಅಳಿಸಬೇಕಂತೆ. ಏನು ಬರೀಲಿ?"

ಓಬಕ್ಕ ದಡಕ್ಕನೆ ಎದ್ದಳು. ಕಲ್ಲನ್ನ ತಬ್ಬಿ ಹಿಡ್ಕೊಂಡಳು. "ಬೇಡ ಮಗಾ, ಬೇಡ! ಅವರಿಗೆ ಗೊತ್ತಿರೋದು ಅದೊಂದೇ. ಇಷ್ಟು ವರ್ಷ ಕಾದಿದ್ದೀನಿ. ಅವರು ಯಾವ ದಾರೀಲಿ ಬಂದರೂ ಹದಿನೇಳು ಕಾಣಬೇಕಪ್ಪಾ!"

"ಆಗ್ಲವ್ವಾ!"

ಹೊರಟ. ಎಂಟನೇ ರಸ್ತೆ, ಒಂಬತ್ತನೇ ರಸ್ತೆ, ಇಪ್ಪತ್ತೆರಡನೇ ರಸ್ತೆ! ತಾಲೂಕಿನ ಒಂದು ಕಲ್ಲು ಬಿಡಲಿಲ್ಲ. ಎಲ್ಲದರಲ್ಲೂ ಹದಿನೇಳು! ಗಂಡಿನ ದಿಬ್ಬಣ ಬೇರೆ ಊರಿಗೆ ಹೋಗಿ ಊಟಕ್ಕೆ ಕೂತಿತು. ಮುಕ್ರಂ ಸಾಬರು ಡಬ್ಬ ಕಿತ್ತುಕೊಂಡರು.

ನಾಲ್ಕನೇ ದಿನ ದೂರದಲ್ಲಿ ರೋಲರ್ ಸದ್ದು. ಧಡ್ ಧಡ್ ಧಡ್! ಓಬಕ್ಕ ಚೊಂಬಲ್ಲಿ ನೀರು ಹಿಡಿದು ಓಡಿದಳು. ಸದ್ದು ಹತ್ತಿರ ಬಂತು. ತಿರುಗಿತು. ದೂರ ಹೋಯ್ತು. ಮಾರನೇ ದಿನ ಬಡಗಣ ದಿಕ್ಕಲ್ಲಿ ಧಡ್ ಧಡ್. ಅದರ ಮಾರನೇ ದಿನ ತೆಂಕಣ. ಹದಿನೇಳು ಕಂಡಲ್ಲೆಲ್ಲ ಮಲ್ಲೂರಯ್ಯ ತಿರುಗ್ತಿದ್ದಾನೆ! ಓಬಕ್ಕ ಸದ್ದು ಬಂದ ಕಡೆಗೆಲ್ಲ ಮುಖ ತಿರುಗಿಸ್ತಾ ನಿಂತಳು. ಹನ್ನೊಂದು ವರ್ಷ ಸದ್ದಿಲ್ಲದೆ ಕಾದಿದ್ದೇ ಹಗುರವಾಗಿತ್ತು, ಮಕ್ಕಳಾ. ಅನ್ನದ ಮುಂದೆ ಕೂತರೂ ಕಿವಿ ರಸ್ತೆಯಲ್ಲೇ.

"ಹಾಳಾದೋನೇ, ಓಡು! ಇನ್ನು ಎಲ್ಲೂ ತಿರುಗಬೇಡಿ, ನೆಟ್ಟಗೆ ಬನ್ನಿ ಅಂತ ಹೇಳು ನಿಮ್ಮಪ್ಪನಿಗೆ!"

"ಆಗ್ಲವ್ವಾ!"

ಓಡಿದ. ಹಿಡಿದ. ಹತ್ತಿ ಪಕ್ಕದಲ್ಲಿ ಕೂತ. "ಅಪ್ಪಾ, ಎಲ್ಲೂ ತಿರುಗಬಾರ್ದಂತೆ. ಅವ್ವ ಹೇಳವ್ಳೆ."

"ಅವಳು ಹೇಳಿದ್ಳಾ? ಹಂಗಾದ್ರೆ ಸರಿ."

ಬಂತು ನೋಡಿ ರೋಲರು, ನೆಟ್ಟಗೆ! ತಿರುವಲ್ಲಿ ಓಬಕ್ಕ ನಿಂತಿದ್ದಾಳೆ. ಅವಳು ನೋಡಿದಳು, ಅವನು ನೋಡಿದ. ತಲೆ ನರೆತಿತ್ತು ಇಬ್ಬರದೂ. ರೋಲರು ತಿರುವು ದಾಟಿ ಮುಂದಕ್ಕೆ ಹೋಯ್ತು!

"ತಿರುಗ್ಸೋಕೆ ಹೇಳೋ ಕೆಂಗಾ! ಮನೆ ಇತ್ಲಾಗೆ!"

"ಎಲ್ಲೂ ಬೇಡ ಅಂದೋಳು ನೀನೇ ಕಣವ್ವಾ!"

ಓಬಕ್ಕ ಹಿಂದೆ ಓಡಿದಳು. ಓಡೋದೇನು, ನಡೆದರೆ ಸಾಕಿತ್ತು. ಪಕ್ಕಕ್ಕೆ ಬಂದಳು. ಚೊಂಬು ಎತ್ತಿ ಕೊಟ್ಟಳು. ಮಲ್ಲೂರಯ್ಯ ಬಗ್ಗಿ ಇಸ್ಕೊಂಡು ಗಟಗಟ ಕುಡಿದ.

"ಸೊರಗಿದ್ದೀರ."

"ನೀನೂ."

"ನಿಮ್ಮ ಆ ಹಳೇ ಹೊಟ್ಟೆ ನೋವು ಈಗ ಹೆಂಗಿದೆ?"

ಅವಳು ಕೇಳಿದಳು, ಅವನು ಹೇಳಿದ. ಅವನು ಕೇಳಿದ, ಅವಳು ಹೇಳಿದಳು. ರೋಲರು ಧಡ್ ಧಡ್ ಅಂತ ಹೋಗ್ತಾನೇ ಇತ್ತು, ಅವಳು ಪಕ್ಕದಲ್ಲಿ ನಡೀತಾನೇ ಇದ್ದಳು. ಮೂರೂರು ದಾಟಿ ನಮ್ಮೂರ ಹತ್ತಿರ ನಾನೇ, ಈ ನಿಮ್ಮ ಮಾವನೇ, ಅಡ್ಡ ನಿಂತು ಕೇಳಿದೆ: "ಅಲ್ಲಕ್ಕಾ, ಎಲ್ಲಿಗೆ ಹೊರಟ್ರಿ?"

ಓಬಕ್ಕ ಹಿಂದೆ ತಿರುಗಿ ನೋಡಿದಳು. "ಅಯ್ಯೋ ಶಿವನೇ! ಮನೆ ಬಿಟ್ಟು ಬಂದ್ವಲ್ರೀ! ನೀವಾದ್ರೂ ನಿಲ್ಲಿಸಬಾರ್ದಾ?"

ಮಲ್ಲೂರಯ್ಯ ಚೊಂಬು ವಾಪಸು ಕೊಡ್ತಾ ಅಂದ: "ಪಕ್ಕದಲ್ಲಿ ನೀನಿದ್ದೆ. ಮನೆ ಬಂತು ಅಂದ್ಕೊಂಡೆ."