ಕಿವುಡೆನಿಸಿಕೊಂಡ ಪ್ರಿಂಟರ್

ಸರ್ಟಿಫಿಕೇಟ್ ಕೊಡುವ ಒಂದು ಕಚೇರಿಯಲ್ಲಿ ಎರಡು ಸರ್ವರ್‌ಗಳು ಒಂದೇ ನೊಗದ ಜೋಡೆತ್ತುಗಳಂತೆ ದುಡಿಯುತ್ತಿದ್ದವು. ಒಂದು ದಣಿದರೆ ಇನ್ನೊಂದು ಹೆಗಲು ಕೊಡಬೇಕು, ಒಂದು ಕಲಿತದ್ದನ್ನು ಇನ್ನೊಂದಕ್ಕೂ ಕಲಿಸಬೇಕು. ಅದು ಅವುಗಳ ಕಟ್ಟಳೆ.

ಸೋಮವಾರ ಅಪ್‌ಡೇಟ್ ಆಗಿ ಪ್ರಿಂಟರಿನ ಭಾಷೆಯೇ ಬದಲಾಯಿತು. ಹೊಸ ಭಾಷೆ ಬಲ್ಲ ಡ್ರೈವರ್ ಎಂಬ ತಂತ್ರಾಂಶ ಹಿರಿಯ ಸರ್ವರಿನ ಕೈಗೆ ಬಂತು. ‘ಇದು ನನಗೊಬ್ಬನಿಗೇ ಇರಲಿ, ಆಗ ನನ್ನ ಬೆಲೆ ತಿಳಿಯುತ್ತದೆ’ ಎಂದುಕೊಂಡ ಅದು ಕಿರಿಯದರ ಮುಂದೆ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಹಿರಿಯದು ವಿಶ್ರಾಂತಿಗೆ ಸರಿದು, ಕಿರಿಯದು ಕೆಲಸ ಹಿಡಿಯಿತು. ಪ್ರಿಂಟರ್ ಹಾಳೆ ಹಾಳೆಗೂ ಕಾಗೆ ಕಾಲು ಗುಬ್ಬಿ ಕಾಲು ಗೀಚಿ ಹಾಕಿತು. ಸಾಲಿನಲ್ಲಿ ನಿಂತ ಜನ ರೇಗಿದರು.

“ತಪ್ಪು ನನ್ನದೇ ಇರಬಹುದು,” ಎಂದಿತು ಕಿರಿಯದು.

“ನಿನ್ನದಲ್ಲ. ಈ ಪ್ರಿಂಟರಿಗೆ ವಯಸ್ಸಾಯಿತು, ಕಿವಿ ಕೇಳಿಸದು. ಗುಜರಿಗೆ ಹಾಕಲಿ,” ಎಂದಿತು ಹಿರಿಯದು. ಹೇಳುವಾಗಲೇ ಒಳಗೆ ಚುರುಕ್ಕೆಂದಿತು, ಆದರೂ ಆಡಿದ ಮಾತನ್ನು ಹಿಂತೆಗೆಯಲಿಲ್ಲ.

ರಿಪೇರಿಗೆ ಬಂದ ನಾಗವೇಣಿ ಪ್ರಿಂಟರಿನ ವೈರು ಕೀಳುವ ಮುನ್ನ, ವಾಡಿಕೆಯಂತೆ ಹಿರಿಯ ಸರ್ವರಿನಿಂದ ಒಂದು ಪರೀಕ್ಷಾ ಹಾಳೆ ತೆಗೆಸಿದಳು. ಅಕ್ಷರಗಳು ಮುತ್ತು ಪೋಣಿಸಿದಂತೆ ಬಂದವು. ಕೊನೆಯ ಸಾಲನ್ನು ಅವಳು ಗಟ್ಟಿಯಾಗಿ ಓದಿದಳು: “ಹೊಸ ಡ್ರೈವರ್ ಬಂದದ್ದು ಸೋಮವಾರ. ಜೊತೆಗಾರನಿಗೆ ಕೊಟ್ಟಿಲ್ಲ.”

ಪ್ರಿಂಟರ್ ಮೆಲ್ಲಗೆ ಹೇಳಿತು:

“ಅಣ್ಣಾ, ತಪ್ಪು ತಿಳಿಯಬೇಡ. ನೀನು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಕೇಳಿಸಿಕೊಂಡೆ.”

ಗುಜರಿಗೆ ತಾನೇ ಹೋಗಬಾರದಿತ್ತೇ ಎನ್ನಿಸಿತು ಹಿರಿಯ ಸರ್ವರ್‌ಗೆ.