ಗುರುವಾರದ ಸುದ್ದಿ

"ಗುರುಗಳೇ, ದೊಡ್ಡ ಸ್ಥಾನದಲ್ಲಿ ಕೂತವನ ನಡತೆಯನ್ನು ನಾಲ್ಕು ಜನರ ಮುಂದೆ ಪ್ರಶ್ನಿಸಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

"ಪ್ರಶ್ನಿಸಲೇಬೇಕು," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಾರಪತ್ರಿಕೆ ನಡೆಸುತ್ತಿದ್ದ. ನಾಲ್ಕೇ ಪುಟದ ಪತ್ರಿಕೆ. ಬರೆಯುವವನೂ ಅವನೇ, ಸೈಕಲ್ಲಿನ ಮೇಲೆ ಮನೆಮನೆಗೆ ಹಂಚುವವನೂ ಅವನೇ. ಬೀದಿಗೆ ದೀಪವಿಲ್ಲ, ಚರಂಡಿ ಕಟ್ಟಿಕೊಂಡಿದೆ ಎಂದು ಹನ್ನೊಂದು ವರ್ಷ ಬರೆದ. ಜನ ಓದಿ, ಹೌದು ಹೌದು ಎಂದು ಪತ್ರಿಕೆ ಮಡಚಿಡುತ್ತಿದ್ದರು.

ಆಮೇಲೆ ಒಬ್ಬ ಜವಳಿ ವ್ಯಾಪಾರಿ ಪುರಸಭೆಯ ಅಧ್ಯಕ್ಷನಾದ. ಆರೇ ತಿಂಗಳಲ್ಲಿ ಬೀದಿಗೆ ದೀಪ ಬಂತು, ಚರಂಡಿ ಹರಿಯಿತು. ಊರವರು ಅಧ್ಯಕ್ಷನಿಗೆ ಹಾರ ಹಾಕಿದರು. ಆ ಸುದ್ದಿಯನ್ನೂ ಪತ್ರಿಕೆಯವನೇ ಬರೆಯಬೇಕಾಯಿತು. ಹನ್ನೊಂದು ವರ್ಷ ಬರೆದವನ ಹೆಸರನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಮನೆಗೆ ಬಂದರೆ ಹೆಂಡತಿ, "ಅವರು ಬಂದ ಮೇಲೆ ಬೀದಿಯಲ್ಲಿ ಧೈರ್ಯವಾಗಿ ಓಡಾಡಬಹುದು," ಎಂದಳು. ಅವನು ಅರ್ಧ ಊಟಕ್ಕೇ ಕೈ ತೊಳೆದ.

ಅಧ್ಯಕ್ಷ ಚಹಾದಂಗಡಿಗೆ ಬಂದರೆ ಕೂತವರೆಲ್ಲ ಏಳುತ್ತಿದ್ದರು. ಒಂದು ದಿನ ಪತ್ರಿಕೆಯವನೂ ತನಗೆ ಅರಿವಿಲ್ಲದೆ ಅರ್ಧ ಎದ್ದುಬಿಟ್ಟ. ಹಾಗೆ ಎದ್ದದ್ದನ್ನು ಅವನಿಗೆ ಮರೆಯಲಾಗಲಿಲ್ಲ. ಇವನಲ್ಲಿ ಏನೋ ಒಂದು ಹುಳುಕು ಇರಲೇಬೇಕು ಎಂದುಕೊಂಡು ಹಿಂದೆ ಬಿದ್ದ.

ಪ್ರತಿ ಗುರುವಾರ ಮಧ್ಯಾಹ್ನ ಅಧ್ಯಕ್ಷ ಊರಾಚೆಯ ಒಂದು ಮನೆಗೆ ಹೋಗುತ್ತಿದ್ದ. ಅಲ್ಲಿ ಕೆಲಸದಿಂದ ನಿವೃತ್ತಳಾದ ಒಬ್ಬ ಶಿಕ್ಷಕಿ ಒಬ್ಬಳೇ ಇದ್ದಳು. ಒಳಗೆ ಹೋದವನು ಒಂದು ಗಂಟೆ ಹೊರಗೆ ಬರುತ್ತಿರಲಿಲ್ಲ. ಪತ್ರಿಕೆಯವನು ಎದುರಿನ ಕ್ಷೌರದಂಗಡಿಯಲ್ಲಿ ಮೂರು ಗುರುವಾರ ಕೂತು ನೋಡಿದ. ಅಲ್ಲಿಗೆ ಹೋಗುವ ದಾರಿಯಲ್ಲಿ ಪುರಸಭೆಯ ಗೋಡೆಗೆ ಹೊಸದೊಂದು ನೋಟಿಸು ಅಂಟಿಸಿತ್ತು. ಬರುವಾಗ ಓದಿದರಾಯಿತು ಎಂದು ಮೂರು ಸಲವೂ ಮುಂದೆ ಹೋದ. ಬರುವಾಗ ಅವನ ತಲೆಯಲ್ಲಿ ಆ ಮನೆಯ ಬಾಗಿಲೊಂದೇ ಇರುತ್ತಿತ್ತು.

ಆ ವಾರ ಅವನು ಬರೆದ: "ಪ್ರತಿ ಗುರುವಾರ ಅಧ್ಯಕ್ಷರು ಒಂಟಿ ಹೆಂಗಸಿನ ಮನೆಗೆ ಹೋಗುವುದೇಕೆ? ಊರಿಗೆ ಉತ್ತರ ಬೇಕು." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪತ್ರಿಕೆಯ ಒಂದು ಪ್ರತಿಯೂ ಉಳಿಯಲಿಲ್ಲ.

ಮುಂದಿನ ಪುರಸಭೆಯ ಸಭೆಗೆ ಶಿಕ್ಷಕಿಯೇ ಬಂದು ನಿಂತಳು. "ಇವರು ಮೂರನೇ ತರಗತಿಗೇ ಶಾಲೆ ಬಿಟ್ಟವರು. ಕಡತ ಓದಲು ಬರುವುದಿಲ್ಲವೆಂದು ನಾಚಿಕೆಪಟ್ಟು ನನ್ನ ಹತ್ತಿರ ಕಲಿಯಲು ಬರುತ್ತಿದ್ದರು. ನಿಮ್ಮಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು ನಾನು. ಮನೆಗೆ ಬಂದು ಕೇಳಿದ್ದರೆ ಹೇಳುತ್ತಿದ್ದೆ." ಇಷ್ಟು ಹೇಳಿ ಹೊರಟುಹೋದಳು. ಆಮೇಲೆ ಅವಳು ಸಂತೆಗೆ ಬಂದದ್ದನ್ನು ಯಾರೂ ಕಾಣಲಿಲ್ಲ.

ಊರೆಲ್ಲ ತಲೆ ತಗ್ಗಿಸಿತು. ಈ ವಯಸ್ಸಿನಲ್ಲಿ ಕಲಿಯಲು ಹೊರಟನಲ್ಲ ಎಂದು ಅಧ್ಯಕ್ಷನನ್ನು ಮೊದಲಿಗಿಂತ ಹೆಚ್ಚು ಹೊಗಳಿತು. ಪತ್ರಿಕೆಯವನಿಗೂ ನಾಚಿಕೆಯಾಯಿತು. ಆದರೆ ಓದು ಬಾರದ್ದೂ ಇವನಿಗೆ ಹೆಗ್ಗಳಿಕೆಯಾಯಿತಲ್ಲ ಎಂಬ ಉರಿ ಆ ನಾಚಿಕೆಯನ್ನು ನುಂಗಿಹಾಕಿತು.

ಮರುವರ್ಷ ಕುಡಿಯುವ ನೀರಿಗೆ ವಾಸನೆ ಬಂತು. ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ಪತ್ರಿಕೆಯವನ ಪಕ್ಕದ ಮನೆಯ ಕೂಸು ದಿನವಿಡೀ ನರಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವನು ಪುರಸಭೆಗೆ ಹೋಗಿ ಹಳೆಯ ಕಾಗದ ತೆಗೆಸಿದ. ಅಂದು ಗೋಡೆಯ ಮೇಲಿದ್ದ ನೋಟಿಸು ಸಿಕ್ಕಿತು. ಅಧ್ಯಕ್ಷನ ಭಾವಮೈದುನನ ಬಣ್ಣದ ಕಾರ್ಖಾನೆ ತನ್ನ ಕೊಳೆನೀರನ್ನು ಊರ ಕೆರೆಗೆ ಸೇರುವ ಹಳ್ಳಕ್ಕೆ ಬಿಡಲು ಒಪ್ಪಿಗೆ ಬೇಡಿತ್ತು. ತಕರಾರಿದ್ದವರು ಹದಿನೈದು ದಿನದೊಳಗೆ ಬರೆದು ಕೊಡಬೇಕಿತ್ತು. ಯಾರೂ ಕೊಟ್ಟಿರಲಿಲ್ಲ. ಕೆಳಗೆ, ಈಚೆಗೆ ಅಕ್ಷರ ಕಲಿತವರ ದುಂಡನೆಯ ಕೈಬರಹದಲ್ಲಿ, "ಓದಿದ್ದೇನೆ, ಒಪ್ಪಿದ್ದೇನೆ" ಎಂದು ಅಧ್ಯಕ್ಷ ಬರೆದು ಸಹಿ ಹಾಕಿದ್ದ.

ಪತ್ರಿಕೆಯವನು ಕಂಡದ್ದನ್ನೆಲ್ಲ ಬರೆದ. ಈ ಸಲ ಬರೆಯುವಾಗ ಅವನ ಕಣ್ಣ ಮುಂದೆ ಅಧ್ಯಕ್ಷನಿರಲಿಲ್ಲ, ಆ ಕೂಸಿತ್ತು. ಚಹಾದಂಗಡಿಯವನು ಪತ್ರಿಕೆ ಓದಿ ಮಡಚಿ ಅವನ ಮುಂದಿಟ್ಟ.

"ಅಂದು ಟೀಚರಮ್ಮನ ಮನೆ ಅಂದಿರಿ. ಈಗ ನೀರು ಅನ್ನುತ್ತೀರಿ. ಅಧ್ಯಕ್ಷರನ್ನು ಕಂಡರೆ ನಿಮಗೇಕಣ್ಣ ಇಷ್ಟು ಉರಿ?"

"ಇದು ನಿಜ ಕಣಯ್ಯ. ಕಾಗದ ಇದೆ, ಬಂದು ನೋಡು."

ನೋಡಲು ಯಾರೂ ಬರಲಿಲ್ಲ. ಅಧ್ಯಕ್ಷ ಉತ್ತರವನ್ನೇ ಕೊಡಲಿಲ್ಲ. ದೇವರು ಪತ್ರಿಕೆಯವರಿಗೆ ಒಳ್ಳೆಯ ಬುದ್ಧಿ ಕೊಡಲಿ ಎಂದಷ್ಟೇ ಅಂದ. ಜನ ಅದನ್ನೂ ದೊಡ್ಡ ಗುಣವೆಂದರು. ಜಿಲ್ಲೆಯಿಂದ ಅಧಿಕಾರಿಗಳು ಬಂದು ನೀರನ್ನು ಪರೀಕ್ಷಿಸಿ ಕಾರ್ಖಾನೆಗೆ ಬೀಗ ಹಾಕುವ ಹೊತ್ತಿಗೆ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಊರು ಮೂರು ಕೂಸುಗಳನ್ನು ಮಣ್ಣುಮಾಡಿತ್ತು. ಒಂದು ಪತ್ರಿಕೆಯವನ ಪಕ್ಕದ ಮನೆಯದು. ಆ ಮನೆಯವರು ಅವನನ್ನು ಮಣ್ಣಿಗೂ ಕರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಆ ಮಕ್ಕಳ ಸಾವಿಗೆ ಕಾರಣ ಅಧ್ಯಕ್ಷನಲ್ಲವೇ?" ಎಂದ ಶಿಷ್ಯ.

"ಅಧ್ಯಕ್ಷನೇ, ಆದರೆ ಎರಡು ವರ್ಷ ಅವನಿಗೆ ಕಾವಲು ನಿಂತದ್ದು ಪತ್ರಿಕೆಯವನ ಹೊಟ್ಟೆಕಿಚ್ಚು," ಎಂದರು ಗುರುಗಳು.